‘ಈ ವಯಸ್ಸಲ್ಲಿ ಆಪರೇಷನ್ ಯಾಕೆ?’ ಎನ್ನುವ ಮೊದಲು: ಶ್ವಾಸಕೋಶ ಕ್ಯಾನ್ಸರ್‌ ವೈದ್ಯರಿಗೆ ಒಂದು ಬಹಿರಂಗ ಪತ್ರ

ಎದೆಯ ಶಸ್ತ್ರಚಿಕಿತ್ಸಕರಿಗೆ, ಕ್ಯಾನ್ಸರ್ ತಜ್ಞರಿಗೆ, ಆಸ್ಪತ್ರೆ ನಡೆಸುವವರಿಗೆ ನಮಸ್ಕಾರ.

ನಾನೊಬ್ಬ ಫಿಸಿಯೋಥೆರಪಿಸ್ಟ್. ಶ್ವಾಸಕೋಶದ ಆಪರೇಷನ್‌ಗೆ ಬರುವವರನ್ನು ತಯಾರು ಮಾಡುವುದು, ಆಪರೇಷನ್ ಆದ ಮೇಲೆ ಅವರನ್ನು ಎಬ್ಬಿಸಿ, ಕೆಮ್ಮಿಸಿ, ನಡೆಸುವುದು ನನ್ನ ಕೆಲಸ. ಚಾಕು ಹಿಡಿಯುವವಳು ನಾನಲ್ಲ. ಯಾರಿಗೆ ಆಪರೇಷನ್ ಬೇಕು, ಯಾರಿಗೆ ಬೇಡ ಎಂಬ ತೀರ್ಮಾನವೂ ನನ್ನದಲ್ಲ. ಆದರೆ ಆ ತೀರ್ಮಾನ ಆಗುವ ಕೋಣೆಯಲ್ಲಿ ನಾನೂ ಕೂತಿರುತ್ತೇನೆ. ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಒಂದು ಮಾತಿನ ಬಗ್ಗೆ ಈ ಪತ್ರ.

ಸ್ಕ್ಯಾನ್ ಪರದೆ ಮೇಲೆ ಬರುತ್ತದೆ. ಗಡ್ಡೆ ಚಿಕ್ಕದು. ಎಲ್ಲೂ ಹರಡಿಲ್ಲ. ‘ವಯಸ್ಸೆಷ್ಟು?’ ಎಂದು ಯಾರೋ ಕೇಳುತ್ತಾರೆ. ‘ಎಪ್ಪತ್ತೊಂಬತ್ತು.’ ‘ಈ ವಯಸ್ಸಲ್ಲಿ ಆಪರೇಷನ್ ಯಾಕೆ ಸುಮ್ನೆ?’ ಅಲ್ಲಿಗೆ ಮುಗಿಯಿತು, ಮುಂದಿನ ಫೈಲ್. ಆ ಮನುಷ್ಯ ಎಷ್ಟು ದೂರ ನಡೆಯುತ್ತಾರೆ? ಗೊತ್ತಿಲ್ಲ. ಉಸಿರಿನ ಪರೀಕ್ಷೆ? ಇನ್ನೂ ಆಗಿಲ್ಲ. ಅವರಿಗೇನು ಬೇಕಂತೆ? ಯಾರೂ ಕೇಳಿಲ್ಲ.

ನಾನು ಬೇಡುವುದು ಇಷ್ಟೇ. ‘ವಯಸ್ಸಿನ ಕಾರಣ ಆಪರೇಷನ್ ಇಲ್ಲ’ ಎಂದು ಬರೆಯುವುದನ್ನು ನಿಲ್ಲಿಸಿ. ಆಪರೇಷನ್ ಬೇಡ ಎಂದರೆ ಬೇಡ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾರಣ ಅಳೆದು ಬರೆದದ್ದಾಗಿರಲಿ.

ಶ್ವಾಸಕೋಶದ ಕ್ಯಾನ್ಸರ್ ಮೂಲತಃ ವಯಸ್ಸಾದವರ ಕಾಯಿಲೆ. ಅಮೆರಿಕದಲ್ಲಿ ಇದು ಪತ್ತೆಯಾಗುವಾಗಿನ ಸರಾಸರಿ ವಯಸ್ಸು 70ರ ಆಸುಪಾಸು. ಅಂದರೆ ಅಲ್ಲಿನ ರೋಗಿಗಳಲ್ಲಿ ಅರ್ಧದಷ್ಟು ಜನ ಅದಕ್ಕಿಂತ ದೊಡ್ಡವರು. ಅವರನ್ನೆಲ್ಲ ಒಂದೇ ಸಾಲಿನಲ್ಲಿ ಬದಿಗೆ ಸರಿಸಿದರೆ ಈ ಚಿಕಿತ್ಸೆ ಇರುವುದು ಯಾರಿಗಾಗಿ?

ಪಣಕ್ಕಿಟ್ಟಿರುವುದು ಚಿಕ್ಕದೇನಲ್ಲ. ಈ ಕ್ಯಾನ್ಸರ್‌ನ ಹಂತಗಳನ್ನು ಗುರುತಿಸುವ ಪದ್ಧತಿಯ ಎಂಟನೇ ಆವೃತ್ತಿಯ ಲೆಕ್ಕ ನಿಮಗೆ ಬಾಯಿಪಾಠ ಇರುತ್ತದೆ. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಗಡ್ಡೆ 1 ಸೆಂಟಿಮೀಟರ್ ಒಳಗಿದ್ದು ಎಲ್ಲೂ ಹರಡದಿದ್ದರೆ 5 ವರ್ಷದ ನಂತರ ಬದುಕಿರುವವರು 100ಕ್ಕೆ 92 ಜನ. 1ರಿಂದ 2 ಸೆಂಟಿಮೀಟರ್ ಇದ್ದರೆ 83. 2ರಿಂದ 3 ಇದ್ದರೆ 77. ಇದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ, ನಿಜ. ಆದರೂ ಮೊದಲ ಹಂತದಲ್ಲಿ ಸಿಕ್ಕ ಗಡ್ಡೆ ಎಂದರೆ ವಾಸಿಯಾಗಬಹುದಾದ ಗಡ್ಡೆ. ಅದನ್ನು ಹಾಗೇ ಬಿಟ್ಟರೆ ಹೆಚ್ಚಿನವರನ್ನು ಕೊನೆಗೆ ಕೊಲ್ಲುವುದು ಅದೇ, ‘ವಯಸ್ಸು’ ಅಲ್ಲ. 79 ವರ್ಷದ ಗಟ್ಟಿಮುಟ್ಟಾದ ಮನುಷ್ಯನ ಮುಂದೆ ಇನ್ನೂ ಹಲವು ವರ್ಷಗಳ ಬದುಕಿರಬಹುದು. ‘ಹೇಗೂ ವಯಸ್ಸಾಗಿದೆ’ ಎನ್ನುವಾಗ ಆ ವರ್ಷಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ಹಿಂಜರಿಕೆ ಎಲ್ಲಿಂದ ಬಂತೆಂದು ನನಗೆ ಅರ್ಥವಾಗುತ್ತದೆ. ಶ್ವಾಸಕೋಶದ ಆಪರೇಷನ್ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ಹಳೆಯ ಚಿತ್ರ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವರ್ಟ್ಸ್ ಗ್ರಹಾಂ ಎಂಬ ಶಸ್ತ್ರಚಿಕಿತ್ಸಕರು ಕ್ಯಾನ್ಸರ್‌ಗಾಗಿ ಒಂದು ಇಡೀ ಶ್ವಾಸಕೋಶವನ್ನು ಒಂದೇ ಬಾರಿಗೆ ತೆಗೆದು ಯಶಸ್ವಿಯಾದರು. ಖಾಲಿಯಾದ ಜಾಗ ಕುಗ್ಗಲೆಂದು ಪಕ್ಕೆಲುಬುಗಳನ್ನೂ ತೆಗೆದಿದ್ದರು. ಆ ರೋಗಿಗೆ ಆಗ 48 ವರ್ಷ, ಅವರೂ ವೈದ್ಯರೇ. ಅವರು ಮುಂದೆ ಸುಮಾರು 30 ವರ್ಷ ಬದುಕಿದರು. ಗ್ರಹಾಂ 1957ರಲ್ಲಿ ಅದೇ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಕಾಲದ ಅಷ್ಟು ದೊಡ್ಡ ಆಪರೇಷನ್ ಮುದುಕರಿಗೆ ಬೇಡ ಎಂದವರು ಸರಿಯಾಗಿಯೇ ಹೇಳಿದ್ದರು. ಇವತ್ತಿಗೂ ಇಡೀ ಶ್ವಾಸಕೋಶ ತೆಗೆಯುವುದು, ಅದರಲ್ಲೂ ಬಲಗಡೆಯದು, ವಯಸ್ಸಾದವರಿಗೆ ತುಂಬಾ ಅಪಾಯದ್ದು.

ಆದರೆ ಚಿಕ್ಕ ಗಡ್ಡೆಗೆ ಈಗ ಅದನ್ನು ಯಾರು ಮಾಡುತ್ತಾರೆ? ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ಆಪರೇಷನ್ ಮಾಡುವುದು 1990ರ ದಶಕದಲ್ಲೇ ಶುರುವಾಗಿದೆ. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದ ವಯಲೆಟ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎದೆ ತೆರೆದು ಆಪರೇಷನ್ ಮಾಡಿಸಿಕೊಂಡವರಿಗಿಂತ ರಂಧ್ರದ ಮೂಲಕ ಮಾಡಿಸಿಕೊಂಡವರು 5 ವಾರದ ಹೊತ್ತಿಗೆ ದೈಹಿಕವಾಗಿ ಚೆನ್ನಾಗಿ ಚೇತರಿಸಿಕೊಂಡಿದ್ದರು, ತೊಂದರೆಗಳೂ ಕಡಿಮೆ. ಇದನ್ನು ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಎದೆ ಅಗಲಿಸಿದವರು ಕೆಮ್ಮಲು ಹೆದರುತ್ತಾರೆ. ದಿಂಬನ್ನು ಎದೆಗೆ ಒತ್ತಿ ಹಿಡಿಸಿ, ‘ಒಂದೇ ಒಂದು ಸಲ ಗಟ್ಟಿಯಾಗಿ ಕೆಮ್ಮಿ’ ಎಂದು ಗೋಗರೆಯಬೇಕು. ಕೆಮ್ಮದಿದ್ದರೆ ಕಫ ಒಳಗೇ ನಿಲ್ಲುತ್ತದೆ, ನ್ಯುಮೋನಿಯಾ ಬರುತ್ತದೆ. 80ರ ಹತ್ತಿರದವರಿಗೆ ಆ ನ್ಯುಮೋನಿಯಾ ಪ್ರಾಣಕ್ಕೇ ಬರಬಹುದು. ನೋವು ಕಡಿಮೆ ಎಂದರೆ ಬರೀ ಸುಖದ ಮಾತಲ್ಲ, ಬದುಕುವ ಮಾತು.

ಎಷ್ಟು ತೆಗೆಯಬೇಕು ಎನ್ನುವುದೂ ಬದಲಾಗಿದೆ. ಬಲಗಡೆ ಮೂರು, ಎಡಗಡೆ ಎರಡು, ಹೀಗೆ ಶ್ವಾಸಕೋಶದಲ್ಲಿ ಒಟ್ಟು ಐದು ಹಾಲೆಗಳು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದ ನಂತರ, ಚಿಕ್ಕ ಗಡ್ಡೆಯಾದರೂ ಪೂರ್ತಿ ಒಂದು ಹಾಲೆ ತೆಗೆಯಲೇಬೇಕು ಎಂಬುದು ನಿಯಮದಂತೆ ಉಳಿಯಿತು. ಆಗಿನ ಮಟ್ಟಿಗೆ ಅದು ಸರಿ. 2022ರಲ್ಲಿ ಜಪಾನಿನಿಂದ ಬಂದ ಅಧ್ಯಯನ ಬೇರೆ ದಾರಿ ತೋರಿಸಿತು. ಹೊರ ಅಂಚಿನಲ್ಲಿದ್ದ, 2 ಸೆಂಟಿಮೀಟರ್ ಒಳಗಿನ ಗಡ್ಡೆಯ 1,106 ರೋಗಿಗಳು ಅದರಲ್ಲಿದ್ದರು. ಇಡೀ ಹಾಲೆಯ ಬದಲು ಅದರ ಒಂದು ಭಾಗವನ್ನಷ್ಟೇ ತೆಗೆಸಿಕೊಂಡವರಲ್ಲಿ 5 ವರ್ಷದ ನಂತರ ಬದುಕಿದ್ದವರು ಶೇ. 94.3. ಇಡೀ ಹಾಲೆ ತೆಗೆಸಿಕೊಂಡವರಲ್ಲಿ ಶೇ. 91.1. ಕ್ಯಾನ್ಸರ್ ಅದೇ ಜಾಗದ ಆಸುಪಾಸಿನಲ್ಲಿ ಮರಳಿ ಬಂದದ್ದು ಮಾತ್ರ ಭಾಗ ತೆಗೆಸಿಕೊಂಡವರಲ್ಲೇ ಜಾಸ್ತಿ, ಶೇ. 5.4ರ ಎದುರು ಶೇ. 10.5. ಇದನ್ನು ಮುಚ್ಚಿಡಬಾರದು. ಮರುವರ್ಷ ಬಂದ ಅಮೆರಿಕ ಮೂಲದ ಅಧ್ಯಯನದಲ್ಲಿ 697 ರೋಗಿಗಳಿದ್ದರು. 5 ವರ್ಷ ರೋಗವಿಲ್ಲದೆ ಬದುಕಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ, ಶೇ. 63.6 ಮತ್ತು ಶೇ. 64.1.

ವಯಸ್ಸಾದವರಿಗೆ ಇದು ಯಾಕೆ ಮುಖ್ಯ ಅಂತ ಒಂದು ಲೆಕ್ಕದಿಂದ ತೋರಿಸುತ್ತೇನೆ. ನಿಮಗೆ ಇದು ಹೊಸದಲ್ಲ, ಆದರೆ ರೋಗಿಯ ಮನೆಯವರ ಮುಂದೆ ಯಾರೂ ಈ ಲೆಕ್ಕ ಹಾಕುವುದಿಲ್ಲ. ಐದೂ ಹಾಲೆಗಳೊಳಗೆ ಇಂಥ ಭಾಗಗಳು ಒಟ್ಟು 19 ಎಂದು ಇಟ್ಟುಕೊಳ್ಳುತ್ತಾರೆ. ಒಬ್ಬರು ಗಟ್ಟಿಯಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಅವರ ವಯಸ್ಸು ಎತ್ತರಕ್ಕೆ ಇರಬೇಕಾದ್ದರಲ್ಲಿ ಶೇ. 70 ಇದೆ ಎನ್ನೋಣ. ಬಲಗಡೆಯ ಮೇಲಿನ ಹಾಲೆ ತೆಗೆದರೆ 3 ಭಾಗ ಹೋಗುತ್ತದೆ, ಉಳಿಯುವುದು 16. ಆಗ ಅವರ ಉಸಿರಿನ ಅಂಕಿ ಸುಮಾರು ಶೇ. 59ಕ್ಕೆ ಇಳಿಯುತ್ತದೆ. ಬರೀ ಒಂದು ಭಾಗ ತೆಗೆದರೆ ಶೇ. 66ರಲ್ಲಿ ನಿಲ್ಲುತ್ತದೆ. ಈ ಅಂಕಿಯೂ, ರಕ್ತಕ್ಕೆ ಗಾಳಿ ದಾಟುವ ಶಕ್ತಿಯ ಅಂಕಿಯೂ ಶೇ. 60ರ ಮೇಲೆ ಉಳಿದರೆ ಹೆಚ್ಚಿನ ಪರೀಕ್ಷೆ ಬೇಡ, ಅಪಾಯ ಕಡಿಮೆ ಎನ್ನುತ್ತದೆ ಅಮೆರಿಕದ ಎದೆರೋಗ ತಜ್ಞರ 2013ರ ಮಾರ್ಗಸೂಚಿ. ನೋಡಿ, ಗಡ್ಡೆ ಅದೇ, ವಯಸ್ಸು ಅದೇ. ತೆಗೆಯುವ ತುಂಡು ಚಿಕ್ಕದಾಗುತ್ತಿದ್ದಂತೆ ಆ ಮನುಷ್ಯ ಗೆರೆಯ ಆಚೆಯಿಂದ ಈಚೆಗೆ ಬಂದರು.

ಶೇ. 60ಕ್ಕಿಂತ ಕೆಳಗೆ, 30ರ ಮೇಲೆ ಇದ್ದರೂ ಕಥೆ ಮುಗಿಯಲಿಲ್ಲ. ಅದೇ ಮಾರ್ಗಸೂಚಿ ಹೇಳುವುದು, ನಡೆಸಿ ನೋಡಿ, ಮೆಟ್ಟಿಲು ಹತ್ತಿಸಿ ನೋಡಿ ಅಂತ. ನನ್ನ ಕೆಲಸ ಬರುವುದು ಇಲ್ಲೇ. ನೆಲದ ಮೇಲೆ ಎರಡು ಕೋನ್ ಇಡುತ್ತೇವೆ. ಒಂದು ಸಾಗು 10 ಮೀಟರ್. ಬೀಪ್ ಎನ್ನುವಷ್ಟರಲ್ಲಿ ಆಚೆ ಕೋನ್ ತಲುಪಬೇಕು. ನಿಮಿಷ ನಿಮಿಷಕ್ಕೂ ಬೀಪ್ ಬೇಗ ಬೇಗ ಬರುತ್ತದೆ. ಒಟ್ಟು 400 ಮೀಟರ್ ದಾಟಿದರೆ, ಇಲ್ಲವೇ ಮೆಟ್ಟಿಲಲ್ಲಿ 22 ಮೀಟರ್ ಎತ್ತರ ಏರಿದರೆ, ಅಪಾಯ ಕಡಿಮೆ ಎಂದು ಲೆಕ್ಕ. 22 ಮೀಟರ್ ಎಂದರೆ ಸುಮಾರು ಏಳು ಮಹಡಿ. 62 ವರ್ಷದವರು ಎರಡನೇ ಮಹಡಿಯಲ್ಲೇ ಕಂಬಿ ಹಿಡಿದು ಏದುಸಿರು ಬಿಡುವುದನ್ನು ನೋಡಿದ್ದೇನೆ. 80 ದಾಟಿದ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಡುವೆ ಒಮ್ಮೆಯೂ ನಿಲ್ಲದೆ ಹತ್ತಿದ್ದನ್ನೂ ನೋಡಿದ್ದೇನೆ. ಬರೀ ವಯಸ್ಸು ಓದಿದವರಿಗೆ ಇವರಿಬ್ಬರಲ್ಲಿ ಯಾರು ಗಟ್ಟಿ ಅಂತ ಹೇಗೆ ತಿಳಿಯಬೇಕು?

ಇನ್ನೂ ಸುಲಭದ್ದೂ ಇವೆ. ಮಾಮೂಲಿ ನಡಿಗೆಯಲ್ಲಿ 4 ಮೀಟರ್ ನಡೆಯಲು 5 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಆ ದೇಹ ಸೊರಗುತ್ತಿದೆ ಎಂದು ಎಚ್ಚರ ವಹಿಸಬೇಕು. ಒಂದು ಗಡಿಯಾರ ಸಾಕು, ಯಂತ್ರ ಬೇಡ. ಮುಪ್ಪಿನ ನಿತ್ರಾಣವನ್ನು 1ರಿಂದ 9ರವರೆಗೆ ಅಳೆಯುವ ರಾಕ್‌ವುಡ್ ಮಾಪನ ಇದೆ. ಇತ್ತೀಚೆಗೆ ತೂಕ ಇಳಿದಿದೆಯೇ, ಬಿದ್ದಿದ್ದಾರೆಯೇ, ಮರೆವು ಶುರುವಾಗಿದೆಯೇ, ಸ್ನಾನ ಬಟ್ಟೆ ಊಟ ತಾವೇ ಮಾಡಿಕೊಳ್ಳುತ್ತಾರೆಯೇ, ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಾರೆ? ಇವೆಲ್ಲ ಕೇಳಲು ಎಷ್ಟು ಹೊತ್ತು ಬೇಕು? ವೃದ್ಧರ ಕಾಯಿಲೆಗಳ ತಜ್ಞರು ನಿಮ್ಮಲ್ಲಿದ್ದರೆ ಅವರನ್ನು ಆ ಮೀಟಿಂಗಿಗೆ ಕರೆಯಿರಿ. ಇಲ್ಲದಿದ್ದರೆ ನರ್ಸ್ ಒಬ್ಬರಿಗೆ ಇದನ್ನು ಕಲಿಸಿ. ಅದೂ ಆಗದಿದ್ದರೆ ನಮ್ಮಂಥವರಿಗೆ ಹೇಳಿ, ಮಾಡಿಕೊಡುತ್ತೇವೆ.

ಈಗ ಇನ್ನೊಂದು ಮಗ್ಗುಲು. ಅದನ್ನು ಹೇಳದಿದ್ದರೆ ಪತ್ರ ಅರ್ಧ ಸುಳ್ಳಾಗುತ್ತದೆ.

ಆಪರೇಷನ್ ಮಾಡಲೇಬಾರದಿದ್ದವರಿಗೆ ಮಾಡಿದ್ದನ್ನೂ ನಾನು ಕಂಡಿದ್ದೇನೆ. ಗಡ್ಡೆ ಪೂರ್ತಿ ಹೋಗಿರುತ್ತದೆ, ರಿಪೋರ್ಟ್ ಚೆನ್ನಾಗಿರುತ್ತದೆ, ಮನುಷ್ಯ ಮಾತ್ರ ಮಂಚದಿಂದ ಏಳುವುದೇ ಇಲ್ಲ. ಆಸ್ಪತ್ರೆಗಳು ತಮ್ಮ ಯಶಸ್ಸನ್ನು 30 ದಿನದ ಲೆಕ್ಕದಲ್ಲಿ ಹೇಳುತ್ತವೆ. ಶ್ವಾಸಕೋಶದ ಆಪರೇಷನ್‌ನಲ್ಲಿ 90 ದಿನದ ಸಾವಿನ ಪ್ರಮಾಣ 30 ದಿನದ್ದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಎಂದು ದೊಡ್ಡ ದಾಖಲೆಗಳಲ್ಲಿ ಕಂಡಿದೆ. ವಯಸ್ಸಾದವರ ಮನೆಯವರಿಗೆ 90 ದಿನದ ಅಂಕಿಯನ್ನೇ ಹೇಳಿ. ನಿಮ್ಮ ಸ್ವಂತ ಆಸ್ಪತ್ರೆಯ ಅಂಕಿ ಹೇಳಿ. ಮನೆಗೆ ಹೋದವರಲ್ಲಿ ಎಷ್ಟು ಜನ ತಮ್ಮ ಕಾಲ ಮೇಲೆ ಓಡಾಡುತ್ತಿದ್ದಾರೆ ಎಂದೂ ಬರೆದಿಡಿ. ಈಗ ಅದನ್ನು ಹೆಚ್ಚಿನ ಕಡೆ ಯಾರೂ ಬರೆದಿಡುವುದಿಲ್ಲ.

ರೋಗಿಗಳು ಕೇಳುವುದು ಅದನ್ನೇ. 2002ರಲ್ಲಿ ಅಮೆರಿಕದಲ್ಲಿ, ಗಂಭೀರ ಕಾಯಿಲೆಯಿದ್ದ 60 ದಾಟಿದ 226 ಜನರನ್ನು ಕೇಳಿದರು. ಹೆಚ್ಚು ಕಷ್ಟವಿಲ್ಲದ ಚಿಕಿತ್ಸೆಯಿಂದ ಮೊದಲಿನ ಆರೋಗ್ಯ ಮರಳುತ್ತದೆ ಎಂದಾಗ ಹೆಚ್ಚುಕಮ್ಮಿ ಎಲ್ಲರೂ ಬೇಕು ಎಂದರು. ಬದುಕುತ್ತೀರಿ, ಆದರೆ ಕೈಕಾಲು ನಿಮ್ಮ ಮಾತು ಕೇಳುವುದಿಲ್ಲ ಎಂದಾಗ ಶೇ. 74 ಮಂದಿ ಅಂಥ ಚಿಕಿತ್ಸೆ ಬೇಡ ಎಂದರು. ಬುದ್ಧಿ ಮಂಕಾಗುತ್ತದೆ ಎಂದಾಗ ಶೇ. 89 ಮಂದಿ ಬೇಡ ಎಂದರು. ನನ್ನ ಹತ್ತಿರ ಬರುವ ಅಜ್ಜಂದಿರು ಅಜ್ಜಿಯರು ಹೇಳುವುದೂ ಇದೇ. ‘ಸಾಯೋದಕ್ಕೆ ಹೆದರಿಕೆ ಇಲ್ಲಮ್ಮ, ಹಾಸಿಗೆ ಹಿಡಿಯೋದಕ್ಕೆ ಹೆದರಿಕೆ.’ ‘ಇನ್ನೊಬ್ಬರ ಕೈ ಕಾಯೋ ಹಾಗೆ ಆಗಬಾರದು.’ ಆದರೆ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ರಕ್ತಸ್ರಾವ, ಸೋಂಕು, ಸಾವು ಎಲ್ಲವೂ ಇರುತ್ತದೆ. ಇದೊಂದು ಇರುವುದಿಲ್ಲ.

ಆಪರೇಷನ್ ಆಗದವರಿಗೆ ಏನೂ ಇಲ್ಲ ಎಂದುಕೊಂಡು ಮನೆಗೆ ಹೋಗುವವರೂ ಇದ್ದಾರೆ. ಇದು ನನಗೆ ತುಂಬಾ ಸಂಕಟ ತರುತ್ತದೆ. ಗಡ್ಡೆಗೇ ಗುರಿಯಿಟ್ಟು ಕೆಲವೇ ಸರದಿಯಲ್ಲಿ ಹೆಚ್ಚಿನ ಪ್ರಮಾಣದ ರೇಡಿಯೇಷನ್ ಕೊಡುವ ವಿಧಾನ ಇದೆ. ಮೂರರಿಂದ ಐದು ಸಲ ಬಂದರೆ ಮುಗಿಯಿತು. ಆಪರೇಷನ್ ತಡೆಯಲಾರದ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 3 ವರ್ಷದ ನಂತರವೂ ಶೇ. 97.6 ಮಂದಿಯಲ್ಲಿ ಆ ಗಡ್ಡೆ ಹತೋಟಿಯಲ್ಲಿತ್ತು. ಬದುಕಿದ್ದವರು ಶೇ. 55.8. ಅವರಿಗೆ ಮೊದಲೇ ಹೃದಯದ, ಉಸಿರಿನ ಬೇರೆ ಕಾಯಿಲೆಗಳಿದ್ದವು ಎನ್ನುವುದನ್ನು ಮರೆಯಬಾರದು. ಆಪರೇಷನ್ ತಡೆಯಬಲ್ಲವರಲ್ಲಿ ಇದೇ ಸಾಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದನ್ನು ಹೋಲಿಸಲು ಶುರುವಾದ ಹಲವು ಅಧ್ಯಯನಗಳು ರೋಗಿಗಳು ಸೇರದೆ ಅರ್ಧಕ್ಕೇ ನಿಂತವು. ನಾನು ಪಕ್ಷ ವಹಿಸುವುದಿಲ್ಲ. ಎರಡೂ ದಾರಿಯ ವೈದ್ಯರು ಒಂದೇ ದಿನ ಆ ರೋಗಿಯನ್ನು ನೋಡಲಿ ಎನ್ನುತ್ತೇನೆ.

ಆಪರೇಷನ್ ಎಂದು ನಿರ್ಧಾರವಾದರೆ ನಮಗೆ ಸ್ವಲ್ಪ ಸಮಯ ಕೊಡಿ. ಪೆಟ್ ಸ್ಕ್ಯಾನ್, ಹೃದಯದ ಪರೀಕ್ಷೆ, ಅರಿವಳಿಕೆ ತಜ್ಞರ ಭೇಟಿ ಎಂದು ಹೇಗೂ ಎರಡು ಮೂರು ವಾರ ಹೋಗುತ್ತದೆ. ಆ ದಿನಗಳಲ್ಲಿ ರೋಗಿ ಮನೆಯಲ್ಲಿ ಮಂಚದ ಮೇಲೆ ಕೂತು ಚಿಂತೆ ಮಾಡುವ ಬದಲು ನಮ್ಮ ಹತ್ತಿರ ಬರಲಿ. ನಡಿಗೆ, ಕಾಲಿನ ವ್ಯಾಯಾಮ, ಆಳವಾದ ಉಸಿರು, ಪ್ರೋಟೀನ್ ಇರುವ ಊಟ, ಸಿಗರೇಟ್ ಇದ್ದರೆ ಪೂರ್ತಿ ಬಂದ್. ಮೊದಲೇ ಹೀಗೆ ವ್ಯಾಯಾಮ ಮಾಡಿದವರಲ್ಲಿ ಆಪರೇಷನ್ ನಂತರ ಶ್ವಾಸಕೋಶದ ತೊಂದರೆಗಳು ಕಡಿಮೆ ಎಂದು ಹಲವು ಅಧ್ಯಯನ ತೋರಿಸಿವೆ. ಮೊದಲ ದಿನ ಕುರ್ಚಿಯಿಂದ ಕೈ ಊರದೆ ಏಳಲಾಗದವರು ಆಪರೇಷನ್ ಹೊತ್ತಿಗೆ ಸಲೀಸಾಗಿ ಏಳುತ್ತಾರೆ. ಆ ಬಲವೇ ಆಮೇಲೆ ಅವರನ್ನು ಮಂಚದಿಂದ ಎಬ್ಬಿಸುವುದು.

ಆಸ್ಪತ್ರೆ ನಡೆಸುವವರಿಗೆ ಒಂದು ಮಾತು. ಆಪರೇಷನ್ ಕೋಣೆಗೆ ಒಯ್ಯುವಾಗ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ತೆಗೆದು ಡಬ್ಬಿಗೆ ಹಾಕುತ್ತಾರೆ. ಆ ಡಬ್ಬಿ ಎಲ್ಲೋ ಉಳಿದುಬಿಡುತ್ತದೆ. ಐಸಿಯುನಲ್ಲಿ ಎಚ್ಚರಾದ ಮನುಷ್ಯನಿಗೆ ಯಾರ ಮುಖವೂ ಕಾಣದು, ಯಾರ ಮಾತೂ ಕೇಳದು. ಹಗಲೋ ರಾತ್ರಿಯೋ ತಿಳಿಯದು. ಕೇಳಿದ್ದಕ್ಕೆ ಏನೋ ಉತ್ತರ ಕೊಡುತ್ತಾರೆ. ‘ಗೊಂದಲದಲ್ಲಿದ್ದಾರೆ’ ಎಂದು ಬರೆದು ನಿದ್ದೆಯ ಔಷಧಿ ಕೊಡುತ್ತಾರೆ. ಗೊಂದಲ ಇನ್ನೂ ಹೆಚ್ಚುತ್ತದೆ, ಎದೆಗೆ ಹಾಕಿದ ಕೊಳವೆ ಕಿತ್ತುಕೊಳ್ಳಲು ಹೋಗುತ್ತಾರೆ, ಕೈ ಕಟ್ಟುತ್ತಾರೆ. ಆ ಡಬ್ಬಿ ರೋಗಿಯ ಜೊತೆಗೇ ಹೋಗಲಿ. ಮನೆಯವರೊಬ್ಬರು ಪಕ್ಕದಲ್ಲಿ ಕೂರಲು ಬಿಡಿ. ಖರ್ಚಿಲ್ಲದ ಕೆಲಸ ಇದು. ಇಷ್ಟು ಮಾಡಿದರೆ ಮುದುಕರ ಮೇಲೆ ಹಾಕುವ ಎಷ್ಟೋ ಅಪವಾದ ತಪ್ಪುತ್ತದೆ.

ಮನೆಯವರಿಗೂ ಒಂದು ಬೇಡಿಕೆ ಇದೆ. ವೈದ್ಯರ ಕೋಣೆಯಲ್ಲಿ ಮಗ ಮಾತಾಡುತ್ತಾರೆ, ಮಗಳು ಮಾತಾಡುತ್ತಾರೆ, ಅಳಿಯ ಮೊಬೈಲ್‌ನಲ್ಲಿ ಓದಿದ್ದನ್ನು ಕೇಳುತ್ತಾರೆ. ಯಾರ ಎದೆಯೊಳಗೆ ಗಡ್ಡೆ ಇದೆಯೋ ಅವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ‘ಅವರಿಗೆ ಕ್ಯಾನ್ಸರ್ ಅಂತ ಹೇಳಬೇಡಿ’ ಎಂದು ಕಣ್ಸನ್ನೆ ಮಾಡುತ್ತಾರೆ. ಇದು ಪ್ರೀತಿಯಿಂದಲೇ ಆಗುವುದು, ನನಗೆ ಗೊತ್ತು. ಆದರೆ ತನಗೆ ಏನಾಗಿದೆ ಎಂದೇ ತಿಳಿಯದವರು ಆಪರೇಷನ್ ಬೇಕೋ ಬೇಡವೋ ಅಂತ ಹೇಗೆ ಹೇಳುತ್ತಾರೆ? ದಯವಿಟ್ಟು ಅವರನ್ನು ಒಳಗೆ ಕರೆಯಿರಿ. ವೈದ್ಯರೇ, ನೀವೂ ಅವರ ಮುಖ ನೋಡಿ, ಸ್ವಲ್ಪ ನಿಧಾನವಾಗಿ, ಸ್ವಲ್ಪ ಜೋರಾಗಿ ಹೇಳಿ. ‘ದಿನಾ ಏನೇನು ಮಾಡ್ತೀರಿ? ಯಾವುದು ಬಿಟ್ಟು ಬದುಕೋಕೆ ಆಗಲ್ಲ?’ ಎಂದು ಕೇಳಿ. ಎಲ್ಲ ತಿಳಿದ ಮೇಲೆ ಅವರು ‘ಬೇಡ’ ಎಂದರೆ ಅದು ಅವರ ತೀರ್ಮಾನ. ನಾವೆಲ್ಲ ಅದಕ್ಕೆ ತಲೆಬಾಗೋಣ.

ಮುಂದಿನ ವಾರದ ಮೀಟಿಂಗಿನಿಂದಲೇ ಇದನ್ನು ಶುರುಮಾಡಬಹುದು. 75 ದಾಟಿದವರ ಫೈಲ್ ಪರದೆ ಮೇಲೆ ಬರುವ ಮೊದಲು ಅದರಲ್ಲಿ ಉಸಿರಿನ ಅಂಕಿ ಇರಲಿ, 4 ಮೀಟರ್ ನಡೆದ ಸೆಕೆಂಡು ಇರಲಿ, ಮೆಟ್ಟಿಲು ಹತ್ತಿದ ಎತ್ತರ ಇರಲಿ, ನೆನಪಿನ ಶಕ್ತಿಯ ಬಗ್ಗೆ ಎರಡು ಸಾಲು, ರೋಗಿ ತಮ್ಮ ಬಾಯಲ್ಲೇ ಹೇಳಿದ ಒಂದು ಸಾಲು ಇರಲಿ. ಅವು ಇಲ್ಲದಿದ್ದರೆ ಆ ಫೈಲನ್ನು ತಿರಸ್ಕರಿಸಬೇಡಿ, ನಮ್ಮ ಹತ್ತಿರ ವಾಪಸ್ ಕಳಿಸಿ. ಅಳೆದು ತರುತ್ತೇವೆ.

ಇಂತಿ ನಿಮ್ಮ ಜೊತೆ ಕೆಲಸ ಮಾಡುವ,
ಒಬ್ಬ ಫಿಸಿಯೋಥೆರಪಿಸ್ಟ್